ಸೀರೆ ಅಂಗಡಿಯ ಸಮುದ್ರವೂ ನಾನೂ

ನಾನು ಒಂದು ಪಂಪು. ಹಾಗೆಂದ ಕೂಡಲೇ ಬೋರ್‌ವೆಲ್ಲು, ಉದ್ದನೆಯ ಪೈಪು, ಹೊಲದ ಬದು ಎಲ್ಲ ನಿಮ್ಮ ಕಣ್ಣ ಮುಂದೆ ಬರುವುದು ಬೇಡ. ಬಾವಿಗೂ ನನಗೂ ಸಂಬಂಧವಿಲ್ಲ. ನಾನು ನೀರನ್ನು ಮೇಲಕ್ಕೆತ್ತುವವನಲ್ಲ, ಇದ್ದಲ್ಲೇ ಓಡಾಡಿಸುವವನು. ಗಾಜಿನ ತೊಟ್ಟಿಯೊಳಗೆ ಅಂಟಿಕೊಂಡು, ಅದರ ಉಪ್ಪುನೀರಿಗೆ ತಾನು ಸಮುದ್ರವೆಂಬ ಭ್ರಮೆ ಹುಟ್ಟಿಸುವುದು ನನ್ನ ಕಸುಬು. ಗಾತ್ರ ಒಂದು ಮೋಸಂಬಿಯಷ್ಟು. ಸ್ವಭಾವ ಮಾತ್ರ ಮೈಮೇಲೆ ಇರುವೆ ಬಿಟ್ಟುಕೊಂಡವರದು. ಕೂತಲ್ಲಿ ಕೂರಲಾರೆ.

ಹುಟ್ಟಿದ್ದು ಯಾವುದೋ ದೂರದೇಶದ ಕಾರ್ಖಾನೆಯಲ್ಲಿ. ಅಲ್ಲಿ ನನ್ನನ್ನು ಒಂದು ನಿಮಿಷ ನೀರಿನಲ್ಲಿ ತಿರುಗಿಸಿ ನೋಡಿದರು, ಒರೆಸಿದರು, ಡಬ್ಬಿಗೆ ಹಾಕಿದರು. ಒಂದು ನಿಮಿಷದ ರುಚಿ ಹತ್ತಿಸಿ ಮುಚ್ಚಳ ಹಾಕಿದರೆ ಯಾರು ತಾನೇ ಸುಮ್ಮನಿರುತ್ತಾರೆ? ಹಡಗಿನಲ್ಲಿ ಒಂದು ತಿಂಗಳು, ಮುಂಬೈಯ ಅಂಗಡಿಯೊಂದರ ಕಪಾಟಿನಲ್ಲಿ ಏಳು ತಿಂಗಳು ಕತ್ತಲಲ್ಲಿ ಕುದಿಯುತ್ತಾ ಕಳೆದೆ. ಪಕ್ಕದ ಡಬ್ಬಿಯಲ್ಲಿ ನನ್ನಂಥದ್ದೇ ಇನ್ನೊಂದು ಪಂಪು ಇತ್ತು. ಅದಕ್ಕೆ ಹಾಯಾಗಿ ನಿದ್ದೆ ಬರುತ್ತಿತ್ತು. ಅವಳಿ ಎಂದು ಕರೆಯಲು ನನಗೆ ನಾಚಿಕೆಯಾಗುತ್ತಿತ್ತು.

ನಮ್ಮಿಬ್ಬರನ್ನೂ ಕೊಂಡವರು ಹುಬ್ಬಳ್ಳಿಯ ಸೀರೆ ವ್ಯಾಪಾರಿ ಶಿವಪುತ್ರಪ್ಪ ಮುನವಳ್ಳಿ. ಮಾಲು ತರಲು ಮುಂಬೈಗೆ ಹೋದವರು ಅಲ್ಲಿ ಯಾರದೋ ಕಚೇರಿಯಲ್ಲಿ ಸಮುದ್ರದ ತೊಟ್ಟಿ ನೋಡಿ, ಸೀರೆ ಮರೆತು ಅದರ ಮುಂದೆಯೇ ನಿಂತುಬಿಟ್ಟರಂತೆ. ತಿಂಗಳೊಪ್ಪತ್ತಿನಲ್ಲಿ ಅವರ ಅಂಗಡಿಯ ಒಳಗೋಡೆಗೆ ಐದು ಅಡಿಯ ಗಾಜಿನ ತೊಟ್ಟಿ ಬಂತು. ಅದರೊಳಗೆ ಮರಳು, ಬಂಡೆ, ಬಿಳಿ ಪಟ್ಟೆಯ ಐದು ಕಿತ್ತಳೆ ಮೀನು. ಬಂಡೆಯ ಮೇಲೆ ಅಂಗೈಯಗಲದ ಒಂದು ಹವಳ. ಉಂಗುರಕ್ಕೆ ಕೂರಿಸುವ ಕೆಂಪು ಹವಳವಲ್ಲ, ಜೀವಂತ ಹವಳ. ಇನ್ನೊಬ್ಬರ ತೊಟ್ಟಿಯಲ್ಲಿ ಬೆಳೆದ ಹವಳದಿಂದ ಕತ್ತರಿಸಿ ತಂದ ತುಂಡು. ತೊಗಲಿನಂತೆ ಮೆತ್ತಗೆ, ಮೈತುಂಬ ಸಣ್ಣ ಸಣ್ಣ ಬೆರಳು.

"ಹುಬ್ಬಳ್ಳಿಗೆ ಸಮುದ್ರ ತಂದೇನಿ ನೋಡ್ರಿ" ಎಂದು ಮುನವಳ್ಳಿಯವರು ಬಂದವರಿಗೆಲ್ಲ ಹೇಳುತ್ತಿದ್ದರು. ಸಮುದ್ರ ಎಂದ ಮೇಲೆ ಅಬ್ಬರ ಇರಬೇಕಲ್ಲ! ನಮ್ಮಿಬ್ಬರನ್ನೂ ಒಂದೇ ಗೋಡೆಗೆ, ಅಕ್ಕಪಕ್ಕದಲ್ಲಿ ಅಂಟಿಸಿ, ಹವಳದ ಕಡೆಗೆ ಮುಖ ಮಾಡಿ ಪೂರ್ತಿ ಜೋರಿಗೆ ಬಿಟ್ಟರು. ನನಗೋ ಹಬ್ಬ. ಡಬ್ಬಿಯೊಳಗಿನ ಎಂಟು ತಿಂಗಳ ಸಿಟ್ಟನ್ನೆಲ್ಲ ನೀರಿನ ಮೇಲೆ ತೀರಿಸಿಕೊಂಡೆ. ಮರಳು ಎದ್ದು ಗಾಜಿಗೆ ಬಡಿಯಿತು. ಮೀನುಗಳು ಮೂಲೆ ಸೇರಿದವು. ಹವಳ ಬೆರಳುಗಳನ್ನೆಲ್ಲ ಒಳಗೆಳೆದುಕೊಂಡು ಹಳೆಯ ಚಪ್ಪಲಿಯಂತೆ ಮುದುಡಿತು. ಬಂಡೆಯ ಹಿಂದೆ ನಮ್ಮ ನೀರು ಮುಟ್ಟದ ಕಡೆ ಕಸ ಕೊಳೆಯತೊಡಗಿತು. ಅತಿಯಾದರೆ ಅಮೃತವೂ ವಿಷ ಎಂದು ನನಗೆ ಯಾರು ಹೇಳಿಕೊಟ್ಟಿದ್ದರು?

ಅಷ್ಟರಲ್ಲಿ ಮುನವಳ್ಳಿಯವರು ಒಂದು ದಿನ ಗಲ್ಲಾಪೆಟ್ಟಿಗೆಯ ಮುಂದೆಯೇ ತಲೆತಿರುಗಿ ಬಿದ್ದರು. ಎದೆಯ ಬಡಿತ ನಿಧಾನವಾಗಿತ್ತಂತೆ. ಆಸ್ಪತ್ರೆಯಲ್ಲಿ ಎದೆಯ ಚರ್ಮದ ಕೆಳಗೆ ಒಂದು ಪುಟ್ಟ ಯಂತ್ರ ಇಟ್ಟು, ಬಡಿತ ತಪ್ಪದಂತೆ ಮಾಡಿ ಕಳಿಸಿದರು. ವಾಪಸು ಬಂದವರು ನನ್ನಿಂದ ಮಾರು ದೂರ ನಿಂತರು. ನಾನು ಗಾಜಿಗೆ ಅಂಟುವುದು ಎರಡು ಅಯಸ್ಕಾಂತಗಳ ಬಲದಿಂದ, ಒಂದು ಒಳಗೆ, ಒಂದು ಹೊರಗೆ. ಅಯಸ್ಕಾಂತವನ್ನು ಎದೆಯ ಹತ್ತಿರ ತರಕೂಡದೆಂದು ಡಾಕ್ಟರು ಹೇಳಿದ್ದರು. ಹೀಗೆ ನಾನು ಚಂಪಕ್ಕನ ಕೈಗೆ ಬಂದೆ.

ಚಂಪಕ್ಕ ಆ ಅಂಗಡಿಯಲ್ಲಿ ಸೀರೆಗೆ ಫಾಲ್ ಹಚ್ಚುವವಳು. ಹೊಲಿಗೆ ಯಂತ್ರದ ಮುಂದೆ ಒಂಬತ್ತು ವರ್ಷ ಬರೀ ಗೋಡೆ ನೋಡಿಕೊಂಡು ಕೂತವಳಿಗೆ ಆ ಗೋಡೆಯಲ್ಲೇ ಸಮುದ್ರ ಎದ್ದುಬಂದಿತ್ತು. ನಿಜವಾದ ಸಮುದ್ರವನ್ನು ಅವಳು ನೋಡಿರಲಿಲ್ಲ. ದಿನಾ ಬೆಳಗ್ಗೆ ಬಂದವಳು ಚಪ್ಪಲಿ ಬಿಟ್ಟು ಮೊದಲು ಹವಳದ ಮುಂದೆ ನಿಲ್ಲುತ್ತಿದ್ದಳು, ಕೈಗೂಸಿಗೆ ಜ್ವರ ಬಿಟ್ಟಿದೆಯೇ ಎಂದು ನೋಡುವವರ ಹಾಗೆ.

"ಸಾವ್ಕಾರ್ರ, ಮಾರಿಗೆ ಫ್ಯಾನ್ ಹಚ್ಚಿ ಉಣ್ಣು ಅಂದ್ರ ಯಾರರ ಉಂಡಾರೇನ್ರಿ?" ಎಂದಳು ಒಂದು ದಿನ.

"ಹಂಗಾರ ನೀನ ಏನರ ಮಾಡವಾ" ಎಂದರು ಅವರು ದೂರದಿಂದಲೇ.

ಹರಿವ ನೀರು ಕಣ್ಣಿಗೆ ಕಾಣುವುದಿಲ್ಲ. ಚಂಪಕ್ಕ ಅದನ್ನು ಕಾಣುವಂತೆ ಮಾಡಿದಳು. ಉದ್ದನೆಯ ಕ್ರೋಶಾ ಹೆಣಿಗೆ ಕಡ್ಡಿಯ ತುದಿಗೆ ಗೇಣುದ್ದ ಬಿಳಿ ದಾರ ಕಟ್ಟಿದಳು. ಮೊದಲು ಕೆಂಪು ದಾರಕ್ಕೆ ಕೈ ಹಾಕಿದವಳು "ಬಣ್ಣ ಬಿಟ್ಟೀತು" ಎಂದು ಕೈ ಹಿಂದೆಗೆದಳು. ಆ ಕಡ್ಡಿಯನ್ನು ತೊಟ್ಟಿಯೊಳಗೆ ಇಳಿಬಿಟ್ಟು ಮೂಲೆಮೂಲೆಗೂ ಹಿಡಿದು ನೋಡಿದಳು. ದಾರ ಸೆಟೆದು ನಿಂತರೆ ನೀರು ಹೊಡೆಯುತ್ತಿದೆ, ಜೋತುಬಿದ್ದರೆ ನೀರು ಸತ್ತಿದೆ, ಅಲ್ಲಿಂದಿಲ್ಲಿಗೆ ಬಳುಕಿದರೆ ಸರಿಯಾಗಿದೆ. ಅವಳ ಲೆಕ್ಕ ಇಷ್ಟೇ.

ಹದಿನೈದು ದಿನ ನನ್ನನ್ನು ಎಲ್ಲೆಲ್ಲಿ ಕೂರಿಸಿದಳೋ ದೇವರಿಗೇ ಗೊತ್ತು. ಕೊನೆಗೆ ಎಡತುದಿಯಲ್ಲಿ ಎತ್ತರಕ್ಕೆ ಅಂಟಿಸಿ, ಮೂತಿಯನ್ನು ತುಸು ಮೇಲೆ ಮಾಡಿ, ನೀರಿನ ಮೈ ಸದಾ ಅಲುಗುವಂತೆ ಇಟ್ಟಳು. ಅವಳಿಯನ್ನು ಬಲತುದಿಯಲ್ಲಿ ತಗ್ಗಿಗೆ, ಬಂಡೆಯ ಹಿಂದಿನ ಕಸ ಏಳುವಂತೆ ಇಟ್ಟಳು. ಇಬ್ಬರ ವೇಗವನ್ನೂ ಅರ್ಧಕ್ಕಿಳಿಸಿದಳು. ಅವಮಾನದಿಂದ ಒಳಗೊಳಗೇ ಗೊಣಗಿದೆ. ಆದರೆ ನನ್ನ ನೀರೂ ಅವಳಿಯ ನೀರೂ ನಡುವೆ ಎದುರಾಗಿ, ಒಂದಕ್ಕೊಂದು ತಾಗಿ, ಒಡೆದು, ದಿಕ್ಕಿಗೊಂದರಂತೆ ಸುಳಿದವು. ಮೂರನೆಯ ದಿನ ಹವಳ ಒಂದೊಂದೇ ಬೆರಳು ಬಿಚ್ಚಿತು. ಚಂಪಕ್ಕ ಯಂತ್ರ ಬಿಟ್ಟೆದ್ದು ಬಂದು ಗಾಜಿಗೆ ಹಣೆ ಹಚ್ಚಿ ನಿಂತಳು. ಹೊಳೆಯ ನೀರಿಗೆ ದೊಣೆನಾಯಕನ ಅಪ್ಪಣೆ ಏಕೆ ಎನ್ನುವ ಗಾದೆ ಹೊಳೆಗೆ ಸರಿ. ತೊಟ್ಟಿಯ ನೀರಿಗೆ ಅಪ್ಪಣೆ ಬೇಕು, ಅದು ಇಂಥವರ ಕೈಯಿಂದ ಬರಬೇಕು.

ಎಲ್ಲ ಸರಿಯಾಗಿದ್ದಾಗಲೇ ಖಂಡೇನವಮಿ ಬಂತು. ದುಡಿಯುವ ಆಯುಧಗಳಿಗೆಲ್ಲ ಪೂಜೆ ಮಾಡಿ, ಮರುದಿನ ದಶಮಿಯವರೆಗೆ ಮುಟ್ಟದೆ ವಿಶ್ರಾಂತಿ ಕೊಡುವ ಹಬ್ಬ. ಹೊಲಿಗೆ ಯಂತ್ರ, ಕತ್ತರಿ, ಗಜಕಡ್ಡಿ ಎಲ್ಲ ವಿಭೂತಿ ಹಚ್ಚಿಕೊಂಡು ಸಾಲಾಗಿ ಕೂತಿದ್ದವು.

"ಆ ಪಂಪ್‌ಗೋಳು ಬಂದಾಗಿಂದ ಹಗಲೂ ರಾತ್ರಿ ದುಡದಾವು ಚಂಪಕ್ಕ. ಅವಕ್ಕೂ ಇವತ್ತೊಂದ ದಿನ ಬಿಡುವು ಕೊಡು" ಎಂದರು ಮುನವಳ್ಳಿ.

"ಹೌದ್ರಿ, ಪಾಪ, ಒಂದ ದಿನಾನೂ ಕುಂತಿಲ್ಲ ಇದು" ಎಂದು ಚಂಪಕ್ಕ ಅಕ್ಕರೆಯಿಂದಲೇ ನನ್ನನ್ನು ನೀರಿನಿಂದ ತೆಗೆದಳು. ತೊಟ್ಟಿಯ ಸ್ವಿಚ್ಚುಗಳನ್ನೆಲ್ಲ ಆರಿಸಿ ಅವಕ್ಕೂ ಕುಂಕುಮ ಹಚ್ಚಿದಳು. ನೀರು ಸೋಸುವ ಯಂತ್ರವೂ ನಿಂತಿತು, ನೀರೊಳಗೇ ಉಳಿದ ಅವಳಿಯೂ ನಿಂತಿತು. ನನ್ನನ್ನು ಒರೆಸಿ, ಹೊಲಿಗೆ ಯಂತ್ರದ ಪಕ್ಕ ಹಲಗೆಯ ಮೇಲಿಟ್ಟು, ಕುಂಕುಮ ಹಚ್ಚಿ ಚೆಂಡುಹೂ ಏರಿಸಿದಳು.

ಜನ್ಮದಲ್ಲಿ ನನಗೆ ಸಿಕ್ಕ ದೊಡ್ಡ ಮರ್ಯಾದೆ ಅದು. ಅಂಥ ನರಕವನ್ನೂ ನಾನು ಬೇರೆ ಕಂಡಿಲ್ಲ. ನಾನು ಬರೀ ನೀರು ಆಡಿಸುತ್ತಿರಲಿಲ್ಲ. ನೀರಿನ ಮೈ ಅಲುಗಿದರೆ ಮಾತ್ರ ಅದಕ್ಕೆ ಗಾಳಿ ಇಳಿಯುತ್ತದೆ, ಮೀನು ಉಸಿರಾಡುತ್ತದೆ. ಇದು ನನಗೆ ಗೊತ್ತಿತ್ತು, ಚಂಪಕ್ಕನಿಗೆ ಗೊತ್ತಿರಲಿಲ್ಲ. ಹಲಗೆಯ ಮೇಲಿಂದ ತೊಟ್ಟಿ ಪೂರ್ತಿ ಕಾಣುತ್ತಿತ್ತು. ಒಂದು ತಾಸಾಯಿತು, ಎರಡಾಯಿತು. ನೀರಿನ ಮೈ ಕನ್ನಡಿಯಾಯಿತು. ಹವಳ ಬೆರಳುಗಳನ್ನು ಒಳಗೆಳೆದುಕೊಂಡಿತು. ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡತೊಡಗಿದವು. ಹೂವು ಮುಡಿದುಕೊಂಡು ನಾನು ನೋಡುತ್ತ ಕೂತಿದ್ದೆ. ಮಧ್ಯಾಹ್ನವಾಯಿತು. ಅಂಗಡಿಯವರೆಲ್ಲ ಊಟ ಮುಗಿಸಿ, ಪೇಡೆ ತಿನ್ನುತ್ತ, ಶಟರ್ ಎಳೆಯುವ ಮಾತಾಡುತ್ತಿದ್ದರು. ಅದನ್ನು ಎಳೆದರೆ ಮತ್ತೆ ತೆಗೆಯುವುದು ದಶಮಿಯ ಬೆಳಗ್ಗೆಯೇ.

ಹೊರಡುವ ಮುಂಚೆ ಚಂಪಕ್ಕ ರೂಢಿಯಂತೆ ಹವಳದ ಮುಂದೆ ಬಂದಳು. ನೀರಿನಲ್ಲಿ ಟ್ಯೂಬ್‌ಲೈಟು ಒಂಚೂರೂ ಅಲುಗದೆ ಕಂಡಿತು. ಆಮೇಲೆ ಮೀನು ಕಂಡವು.

"ಸಾವ್ಕಾರ್ರ! ಮೀನ ಬಾಯಿ ಬಿಡಾಕತ್ತಾವ್ರಿ! ಪಂಪ್ ಹಚ್ಚಬೇಕ್ರಿ!"

"ಪೂಜಾ ಆದ ಆಯುಧ ದಶಮಿತನಾ ಮುಟ್ಟಬಾರದವಾ. ನಿನಗ ಗೊತ್ತಿಲ್ಲೇನು? ಒಂದ ದಿನಕ್ಕ ಏನೂ ಆಗೂದಿಲ್ಲ."

ಚಂಪಕ್ಕನ ಕೈ ನನ್ನ ಮೇಲೆ ಬಂದು ನಿಂತಿತು. ಅವಳೂ ಆ ನೇಮ ಮೀರಿದವಳಲ್ಲ. ಎತ್ತು ತಾಯಿ, ಎತ್ತು ಎಂದು ಒಳಗೇ ಒದ್ದಾಡಿದೆ.

ಅವಳು ತಿರುಗಿ ನಿಂತಳು. "ನಿಮ್ಮ ಎದ್ಯಾಗೂ ಒಂದ ಯಂತ್ರ ಐತಲ್ರಿ. ಇವತ್ತ ಅದನ್ನೂ ಬಂದ್ ಮಾಡೀರೇನ್ರಿ?"

ಮುನವಳ್ಳಿಯವರ ಮುಖ ಕೆಂಪಾಯಿತು. ಅವರ ಕೈ ತಾನಾಗಿಯೇ ಎದೆಗೆ ಹೋಯಿತು.

"ಹಚ್ಚವಾ" ಎಂದರು. "ಲಗೂನ ಹಚ್ಚು." ಅಷ್ಟು ಹೇಳಿ, ಓಡಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಮರೆತು ತಾವೇ ಸ್ವಿಚ್ಚಿನ ಕಡೆ ಓಡಿದರು.

ಚಂಪಕ್ಕ ಸೆರಗಿನಿಂದ ಕುಂಕುಮ ಒರೆಸಿ ನನ್ನನ್ನು ನೀರಿಗಿಳಿಸಿದಳು. ಅಂದು ತಿರುಗಿದ ಹಾಗೆ ನಾನು ಎಂದೂ ತಿರುಗಿಲ್ಲ. ಆದರೂ ತಡವಾಗಿತ್ತು. ಐದರಲ್ಲಿ ಒಂದು ಮೀನು ಸಂಜೆಗೆ ತೇಲಿತು. ಅದನ್ನು ಬೊಗಸೆಯಲ್ಲಿ ಹಿಡಿದು ಚಂಪಕ್ಕ, "ನಾನ ಬಂದ್ ಮಾಡಿದೆ ನೋಡ್ರಿ, ನಾನ" ಎಂದು ಅತ್ತಳು. ಮುನವಳ್ಳಿಯವರು "ಹೇಳಿದಾಂವ ನಾನವಾ" ಎಂದರು. ಹವಳ ಮತ್ತೆ ಪೂರ್ತಿ ಅರಳಲು ಮೂರು ವಾರ ಹಿಡಿಯಿತು.

ಮರುವರ್ಷದಿಂದ ನಮ್ಮ ಪೂಜೆಯ ಕ್ರಮ ಬದಲಾಯಿತು. ನಾವು ಒಳಗೆ ತಿರುಗುತ್ತಲೇ ಇರುತ್ತಿದ್ದೆವು, ಕುಂಕುಮ ಹೊರಗಿನ ಅಯಸ್ಕಾಂತಕ್ಕೆ ಬೀಳುತ್ತಿತ್ತು. ಹೀಗೆ ಆರು ನವಮಿ ಕಳೆದವು.

ಈಗ ನಾನು ಮುದುಕ. ಒಳಗಿನ ಕಡ್ಡಿ ಸವೆದು, ತಿರುಗಿದರೆ ಗಡಗಡ ಸದ್ದು. "ಏನ್ರಿ ಅದು ಸಪ್ಪಳ?" ಎಂದು ಗಿರಾಕಿಗಳು ಕೇಳತೊಡಗಿದ ಮೇಲೆ ಹೊಸಬನೊಬ್ಬ ನನ್ನ ಜಾಗಕ್ಕೆ ಬಂದ. ಅವಳಿ ಇನ್ನೂ ಗಟ್ಟಿಯಾಗಿದೆ, ನಿದ್ದೆಗೇಡಿಯಲ್ಲವಲ್ಲ. ಗುಜರಿಗೆ ಹೋಗಬೇಕಿದ್ದ ನನ್ನನ್ನು ಚಂಪಕ್ಕ ಹಿಂದಿನ ಕೋಣೆಯ ನೀಲಿ ಡ್ರಮ್ಮಿಗೆ ಹಾಕಿದಳು. ಶನಿವಾರಕ್ಕೊಮ್ಮೆ ತೊಟ್ಟಿಗೆ ಹೊಸ ನೀರು ಬೇಕು. ಅದರಲ್ಲಿ ಉಪ್ಪು ಕರಗಿಸುವುದು ನನ್ನ ಪಾಲಿನ ಕೆಲಸ. ಉಳಿದ ಆರು ದಿನ ಒಣಗಿಕೊಂಡು ಮೊಳೆಗೆ ತೂಗುತ್ತೇನೆ, ಶನಿವಾರವನ್ನು ಎಣಿಸುತ್ತ.

ಈ ವರ್ಷದ ನವಮಿ ಮಂಗಳವಾರ ಬಂತು. ಪೂಜೆ ಮುಗಿದ ಮೇಲೆ ಚಂಪಕ್ಕ ಹಿಂದಿನ ಕೋಣೆಗೆ ಬಂದು, ಡ್ರಮ್ಮಿಗೆ ಬರೀ ನೀರು ತುಂಬಿಸಿ, ನನ್ನನ್ನು ಇಳಿಸಿ ಸ್ವಿಚ್ಚು ಹಾಕಿದಳು. ಸದ್ದು ಕೇಳಿ ಮುನವಳ್ಳಿಯವರು ಬಾಗಿಲಲ್ಲಿ ಇಣುಕಿದರು. "ಇವತ್ತ ಉಪ್ಪ ಕಲಸೂದಿಲ್ಲಲ್ಲ ಚಂಪಕ್ಕ, ಯಾಕ ಹಚ್ಚೀದಿ?"

"ಇದು ಸುಮ್ನ ಕುಂದರಾಂಗಿಲ್ರಿ. ಕುಂದ್ರಿಸಿ ಒಂದ ಸಲ ನೋಡೇವಲ್ರಿ" ಎಂದಳು ಚಂಪಕ್ಕ.

ಅವರು ದೂರದಿಂದಲೇ ತೋಳು ಚಾಚಿ ಡ್ರಮ್ಮಿನ ಅಂಚಿಗೆ ಒಂದು ಬೊಟ್ಟು ಕುಂಕುಮ ಇಟ್ಟರು. ಹೊರಗೆ ಹೊಲಿಗೆ ಯಂತ್ರ, ಕತ್ತರಿ, ಗಜಕಡ್ಡಿ ಎಲ್ಲ ಹೂವು ಮುಡಿದು ಸುಮ್ಮನೆ ಕೂತಿದ್ದವು. ನಾನು ಸಂಜೆಯವರೆಗೂ ಗಡಗಡ ಎನ್ನುತ್ತ ತಿರುಗುತ್ತಿದ್ದೆ. ಯಾರೂ ನನ್ನನ್ನು ನಿಲ್ಲಿಸಲಿಲ್ಲ.