ಬಾಲಂಗೋಚಿಯ ಹೊಸ ಟೈರು

ಇವನಿಗೆ ಬಾಲಂಗೋಚಿ ಅಂತ ಹೆಸರಿಟ್ಟವನು ಬೇಕರಿಯವನು. ಭಾನುವಾರ ಬೆಳಗ್ಗೆ ನಾಲ್ಕು ಜನ ಸೈಕಲ್ ಹತ್ತಿ ಊರಾಚೆಯ ಗುಡ್ಡದ ಜಲ್ಲಿ ದಾರಿ ಹಿಡಿದರೆ, ಗಾಳಿಪಟದ ಬಾಲದ ಹಾಗೆ ಕೊನೆಗೆ ಬರುವವನು ಇವನೇ. ಹೆಸರು ಅಂಟಿಕೊಂಡುಬಿಟ್ಟಿತು. ಇವನಿಗೂ ಬೇಸರವೇನಿರಲಿಲ್ಲ. ವಾರವೆಲ್ಲ ಇವನನ್ನು ಯಾರೂ ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. ಒಂದು ದಿನವಾದರೂ ಕರೆಯುತ್ತಾರಲ್ಲ ಅಂತ ಸಮಾಧಾನ.

ಕೆಲಸ ಹಲ್ಲಿನ ಸೆಟ್ಟು ಮಾಡುವುದು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇವನು ಅದಕ್ಕೆ ಪ್ಲಾಸ್ಟರ್ ಸುರಿದು ದವಡೆ ಎಬ್ಬಿಸಿ, ಗುಲಾಬಿ ಮೇಣದಲ್ಲಿ ಹಲ್ಲು ಕೂರಿಸಿ, ಸೆಟ್ಟು ಮುಗಿಸಿ ವಾಪಸ್ ಕಳಿಸುತ್ತಾನೆ. ಅದು ಯಾರ ಬಾಯಿ ಸೇರುತ್ತದೋ, ಅವರು ನಕ್ಕರೆ ಹೇಗೆ ಕಾಣುತ್ತಾರೋ, ಒಂದು ಸಲವೂ ಕಂಡವನಲ್ಲ. ನೆಲಮಾಳಿಗೆಯಲ್ಲಿ ಒಂದು ಕೋಣೆ, ಒಂದು ಮೇಜು, ಗೋಡೆಯುದ್ದಕ್ಕೂ ಬಾಯಿ ಬಿಟ್ಟುಕೊಂಡು ಕೂತ ಬಿಳಿ ದವಡೆಗಳು. ಅಷ್ಟು ಬಾಯಿಗಳಿದ್ದೂ ಮಾತಾಡುವವರಿಲ್ಲ. ಸಂಜೆ ಬಾಡಿಗೆ ಮನೆಯ ಬೀಗ ತೆಗೆದರೆ ಅಲ್ಲೂ ಅದೇ ಕಥೆ. ಮದುವೆ ಆಗಬೇಕಿತ್ತು, ಆಗಲಿಲ್ಲ. ಯಾಕೆ ಅಂತ ಕೇಳುತ್ತಿದ್ದವರೂ ಕೇಳಿ ಕೇಳಿ ಸುಮ್ಮನಾಗಿದ್ದರು. ಅಕ್ಕ ಆಗೀಗ ಫೋನ್ ಮಾಡಿ ಊಟ ಆಯ್ತೇನೋ ಅನ್ನುತ್ತಿದ್ದಳು. ಆಯ್ತು ಅಂದರೆ ಸರಿ, ಇಟ್ಟುಬಿಡುತ್ತಿದ್ದಳು.

ಹಾಗಾಗಿ ಭಾನುವಾರ ಅಂದರೆ ಇವನಿಗೆ ಜೀವ. ಜೊತೆಗಾರರು ಮೂವರು: ನಿವೃತ್ತ ಮೇಷ್ಟ್ರು, ಆಸ್ಪತ್ರೆಯ ನರ್ಸಮ್ಮ, ಮತ್ತೆ ಆ ಬೇಕರಿಯವನು. ಗುಡ್ಡದ ನೆತ್ತಿಯಲ್ಲಿ ಹಳೆಯ ನೀರಿನ ಟ್ಯಾಂಕೊಂದಿದೆ, ಅದರ ಸುತ್ತ ಸಿಮೆಂಟಿನ ಕಟ್ಟೆ. ಮೂವರೂ ಮೊದಲು ತಲುಪಿ ಅಲ್ಲಿ ಕೂರುತ್ತಿದ್ದರು. ಇವನು ಏದುಸಿರು ಬಿಡುತ್ತಾ ಹೋಗಿ ಸೇರುವಷ್ಟರಲ್ಲಿ ಬೇಕರಿಯವನು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದ, ನರ್ಸಮ್ಮ ಬೆನ್ನಿನ ಧೂಳು ಕೊಡವಿಕೊಳ್ಳುತ್ತಿದ್ದರು, ಮೇಷ್ಟ್ರು ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದರು. ಬಂದ್ರಾ, ಸರಿ, ಹೊರಡೋಣ. ಇವನ ಕೈಗೊಂದು ಬನ್ನು ಬೀಳುತ್ತಿತ್ತು, ಅದನ್ನು ಸೀಟಿನ ಮೇಲೇ ಕೂತು ತಿನ್ನಬೇಕಿತ್ತು. ಅವರದೇನೂ ತಪ್ಪಿಲ್ಲ. ಬಿಸಿಲು ಏರುತ್ತದೆ, ಕೂತಷ್ಟೂ ಕಾಲು ಬಿಗಿಯುತ್ತದೆ.

ಆದರೆ ಆ ಕಟ್ಟೆಯ ಮೇಲೆ ಅವರು ಅಷ್ಟು ಹೊತ್ತು ಏನು ಮಾತಾಡುತ್ತಾರೆ, ಯಾವುದಕ್ಕೆ ಹಾಗೆ ನಗುತ್ತಾರೆ, ಅದು ಇವನಿಗೆ ಬೇಕಿತ್ತು. ಲೋಕದಲ್ಲಿ ಇನ್ನೇನೂ ಬೇಡ, ಆ ಮಾತಿನ ನಡುವೆ ಒಂದಿಷ್ಟು ಹೊತ್ತು ಕೂತಿದ್ದರೆ ಸಾಕು ಅನ್ನುವಷ್ಟು ಬೇಕಿತ್ತು.

ಯೋಚನೆ ಮಾಡಿ ಮಾಡಿ, ತಪ್ಪು ಕಾಲಿನದಲ್ಲ, ಟೈರಿನದು ಅಂತ ತೀರ್ಮಾನಕ್ಕೆ ಬಂದ. ಮನುಷ್ಯ ಇಂಥ ವಿಷಯದಲ್ಲಿ ತನ್ನ ಕಾಲಿನ ಮೇಲೆ ದೂರು ಹಾಕುವುದು ಕಡಿಮೆ. ಆದರೂ ಇವನ ಮಾತಿನಲ್ಲಿ ಹುರುಳಿತ್ತು. ಸೈಕಲ್ಲೇನೋ ಜಲ್ಲಿ ದಾರಿಗೆಂದೇ ಮಾಡಿದ ಗ್ರಾವೆಲ್ ಸೈಕಲ್, ಟೈರು ಮಾತ್ರ ಸಣಕಲು. ಒಳಗೆ ಟ್ಯೂಬು. ಕಲ್ಲಿಗೆ ಬಡಿದಾಗ ರಿಮ್ಮು ಟ್ಯೂಬನ್ನು ಕಚ್ಚಿ ತೂತಾದೀತು ಅನ್ನುವ ಹೆದರಿಕೆಗೆ ಇವನು ಗಾಳಿಯನ್ನು ಕಲ್ಲಿನ ಹಾಗೆ ತುಂಬಿಸುತ್ತಿದ್ದ. ಪ್ರತಿ ಜಲ್ಲಿಗೂ ಸೈಕಲ್ ಎಗರುತ್ತಿತ್ತು, ತುಳಿದ ಶಕ್ತಿಯಲ್ಲಿ ಅರ್ಧ ಎಗರುವುದಕ್ಕೇ ಖರ್ಚು.

ಸೈಕಲ್ ಅಂಗಡಿಯವನು ಸಿಡುಕು ಮೂತಿಯವನು, ಟೈರಿನ ವಿಷಯ ಎತ್ತಿದರೆ ಮಾತ್ರ ಬೆಣ್ಣೆ. ಅಗಲದ ಟ್ಯೂಬ್‌ಲೆಸ್ ಟೈರು ಹಾಕಿಸಿ ಅಂದ. ಒಳಗೆ ಟ್ಯೂಬೇ ಇಲ್ಲದ ಮೇಲೆ ಕಚ್ಚುವುದಕ್ಕೇನಿದೆ, ಗಾಳಿ ಇಳಿಸಿಕೊಂಡು ಮೆತ್ತಗೆ ಓಡಿಸಬಹುದು. ಮುಳ್ಳು ಚುಚ್ಚಿದರೆ ಒಳಗಿನ ಹಾಲಿನಂಥ ದ್ರವ ತಾನೇ ತೂತು ಮುಚ್ಚುತ್ತದೆ. ಇವನ ರಿಮ್ಮು ಅದಕ್ಕೆ ಒಗ್ಗುವಂಥದ್ದೇ. ಉಳಿದದ್ದು ಎರಡು ಪ್ರಶ್ನೆ: ಎಷ್ಟು ಅಗಲ, ಎಷ್ಟು ಹಗುರ.

ಇಷ್ಟಕ್ಕೆ ಇವನು ತಲೆ ಕೆಡಿಸಿಕೊಂಡ ರೀತಿ ನೋಡಬೇಕಿತ್ತು. ದಿನಾ ಸಂಜೆ ಅಂಗಡಿಗೆ ಹಾಜರ್. ಒಂದು ದಿನ ಪ್ಲಾಸ್ಟರ್ ಪುಡಿ ತೂಗುವ ತನ್ನ ತಕ್ಕಡಿಯನ್ನೇ ಬಟ್ಟೆಯಲ್ಲಿ ಸುತ್ತಿಕೊಂಡು ಹೋದ. ಒಂದೇ ಕಂಪನಿಯ ಒಂದೇ ಅಳತೆಯ ಟೈರುಗಳನ್ನು ಒಂದೊಂದಾಗಿ ತೂಗಿ, ಒಂದಕ್ಕಿಂತ ಒಂದು ಹೆಚ್ಚುಕಡಿಮೆ ಇರುವುದನ್ನು ಕಂಡುಹಿಡಿದು, ತನಗೆ ಎರಡು ಹಗುರದ್ದೇ ಬೇಕು ಅಂತ ಹಟ ಹಿಡಿದ. ಮನೆ ಕೊಳ್ಳೋರೂ ಇಷ್ಟು ಅಳೆದೂ ಸುರಿದೂ ನೋಡಲ್ಲ ಸ್ವಾಮಿ ಅಂತ ಅಂಗಡಿಯವನು ಕಾಲೆಳೆದ. ಆಮೇಲೆ ಅಗಲದ ಪರೀಕ್ಷೆ. ಜೇಬಿನಿಂದ ಗುಲಾಬಿ ಮೇಣ ತೆಗೆದು, ಬಿಸಿ ಮಾಡಿ, ಫ್ರೇಮಿನ ಒಳಮೈಗೆ ಎರಡೂ ಬದಿ ಮೆತ್ತಿದ. ಅಂಗಡಿಯಲ್ಲಿದ್ದ ಅಗಲ ಟೈರಿನ ಚಕ್ರಗಳನ್ನು ಒಂದೊಂದಾಗಿ ತೂರಿಸಿ ತೆಗೆದು, ಮೇಣ ಎಷ್ಟು ಅದುಮಿದೆ ಅಂತ ನೋಡಿದ. ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಎಲ್ಲಿ ತಾಗುತ್ತದೆ ಅಂತ ಮೇಣ ಕಚ್ಚಿಸಿ ನೋಡುವ ಅದೇ ವಿದ್ಯೆ. ಐವತ್ತು ಮಿಲಿಮೀಟರಿನದು ಹಿಂದಿನ ಚಕ್ರದ ಹತ್ತಿರ ಮೇಣವನ್ನು ಪೂರಾ ಒರೆಸಿಕೊಂಡು ಹೋಯಿತು. ನಲವತ್ತೈದರದು ಕೆಸರಿಗೂ ಜಾಗ ಬಿಟ್ಟು ಕೂತಿತು. ಅಂಗಡಿಯವನು ಕೆಲಸ ಬಿಟ್ಟು ಬಗ್ಗಿ ನೋಡಿದ.

ಹಗುರದ ಟೈರಿಗೆ ಪಕ್ಕದ ಮೈ ತೆಳು, ಚೂಪು ಕಲ್ಲಿಗೆ ಸೀಳೀತು ಅಂತ ಅವನು ಎಚ್ಚರಿಸಿದ. ನಮ್ಮ ಗುಡ್ಡದಲ್ಲಿರುವುದು ಗುಂಡು ಜಲ್ಲಿ, ಚೂಪಿನದಿಲ್ಲ ಅಂತ ಇವನು ಮರುಮಾತು ಕೊಟ್ಟ. ಆ ಸಂಜೆಗಳಲ್ಲಿ ಇವನು ಆಡಿದಷ್ಟು ಮಾತನ್ನು ಹಿಂದಿನ ಇಡೀ ವರ್ಷದಲ್ಲಿ ಆಡಿರಲಿಲ್ಲ. ಟೈರು ಆರಿಸಿ ಮುಗಿದ ದಿನ ಇವನಿಗೆ ಒಂದು ಥರ ಖಾಲಿ ಅನಿಸಿದ್ದೂ ನಿಜ. ಅಂಗಡಿಯವನು ದ್ರವ ಸುರಿದು, ಕಂಪ್ರೆಸರಿನಿಂದ ಒಮ್ಮೆಲೇ ಗಾಳಿ ನುಗ್ಗಿಸಿದ. ಟೈರಿನ ಅಂಚು ಟಪ್ ಟಪ್ ಅಂತ ರಿಮ್ಮಿಗೆ ಕಚ್ಚಿ ಕೂತಿತು. ಇವನ ತೂಕ ಕೇಳಿ, ಗಾಳಿ ಇಳಿಸಿ, ಹೋಗಿ ಬನ್ನಿ ಅಂದ.

ಭಾನುವಾರ ಬಂತು. ಅಂಗಡಿಯವನು ಹೇಳಿದ ಮಾತಿಗೆ ಟೈರು ತಪ್ಪಲಿಲ್ಲ. ಇಷ್ಟು ವರ್ಷ ಎತ್ತಿ ಎತ್ತಿ ಕುಕ್ಕುತ್ತಿದ್ದ ದಾರಿ ಕಂಬಳಿ ಹಾಸಿದಂತೆ ಮೆತ್ತಗಾಗಿತ್ತು. ಏರಿನ ನಡುವೆ ಮೇಷ್ಟ್ರ ಹಿಂದೆಯೇ ಇದ್ದ, ಕೊನೆಗೆ ನರ್ಸಮ್ಮನ ಪಕ್ಕದಲ್ಲೇ ನೆತ್ತಿ ಮುಟ್ಟಿದ. ಬೇಕರಿಯವನು ಕಣ್ಣು ಬಾಯಿ ಬಿಟ್ಟು ನೋಡಿದ, ಬೆನ್ನು ತಟ್ಟಿದ. ನಾಲ್ವರೂ ಕಟ್ಟೆಯ ಮೇಲೆ ಕೂತರು. ಸಿಮೆಂಟು ತಣ್ಣಗಿತ್ತು. ಇವನ ಎದೆ ಬಡಿದುಕೊಳ್ಳುತ್ತಿದ್ದದ್ದು ಏರಿಗಲ್ಲ.

ಹೊಸ ಟೈರಿನ ಸುದ್ದಿ ಎರಡು ಮಾತಿಗೆ ಮುಗಿಯಿತು. ಮೇಷ್ಟ್ರು ಕನ್ನಡಕ ಒರೆಸಿದರು. ಬೇಕರಿಯವನು ಬನ್ನು ಹಂಚಿದ, ಎಲ್ಲರೂ ತಿಂದರು. ಅಗಿಯುವ ಸದ್ದು ಬಿಟ್ಟರೆ ಇನ್ನೊಂದು ಸದ್ದಿಲ್ಲ. ಇವನು ಒಬ್ಬೊಬ್ಬರ ಮುಖವನ್ನೂ ನೋಡಿದ, ಈಗ ಶುರುವಾದೀತು, ಈಗ ಶುರುವಾದೀತು ಅಂತ. ನರ್ಸಮ್ಮ ನೀರು ಕುಡಿದು, ಕುತ್ತಿಗೆ ಉದ್ದ ಮಾಡಿ ಕೆಳಗಿನ ದಾರಿ ನೋಡಿದರು.

“ಇನ್ನೂ ಕಾಣ್ತಿಲ್ಲ ಅಲ್ವಾ?” ಅಂದರು. ಅಂದವರೇ ನಾಲಿಗೆ ಕಚ್ಚಿಕೊಂಡರು.

ಎಲ್ಲರೂ ನಕ್ಕರು, ಇವನೂ ನಕ್ಕ. ನಗು ಬಂದಷ್ಟೇ ಬೇಗ ಮುಗಿದೂ ಹೋಯಿತು. ಎಲ್ಲರೂ ಬಂದಾಯ್ತಲ್ಲ, ಇನ್ನೇನು, ಹೊರಡೋಣ್ವಾ ಅಂತ ಬೇಕರಿಯವನು ಎದ್ದ. ಮುಂದಿನ ಭಾನುವಾರ ಟ್ಯಾಂಕಿನ ಹತ್ತಿರ ಯಾರೂ ಇಳಿಯಲೇ ಇಲ್ಲ. ನಾಲ್ವರೂ ಜೊತೆಗೇ ಇದ್ದರಲ್ಲ, ನಿಲ್ಲುವುದಕ್ಕೆ ಕಾರಣವಿರಲಿಲ್ಲ. ನೇರ ಆಚೆ ಬದಿಗಿಳಿದು ಊರು ಸೇರಿ, ಟಾಟಾ ಹೇಳಿ, ಅವರವರ ಮನೆಗೆ ಹೋದರು.

ಅದರ ಮುಂದಿನ ವಾರ, ಗುಡ್ಡದ ಬುಡದಲ್ಲಿ, ಉಳಿದಿಬ್ಬರು ಇನ್ನೂ ಬರಬೇಕಿರುವಾಗ ಇವನು ಧೈರ್ಯ ಮಾಡಿ ನರ್ಸಮ್ಮನನ್ನು ಕೇಳಿದ.

“ಮೊದಲೆಲ್ಲ ಮೇಲೆ ಕೂತು ಅಷ್ಟು ನಗ್ತಿದ್ರಲ್ಲ, ಏನು ಮಾತಾಡ್ತಿದ್ರಿ?”

“ಅಯ್ಯೋ, ನಿಮ್ಮದೇ,” ಅಂದರು ನರ್ಸಮ್ಮ. ಮುಚ್ಚಿಡುವ ಸ್ವಭಾವ ಅವರದಲ್ಲ. ಮೇಷ್ಟ್ರು ಕ್ರಿಕೆಟ್ ಕಾಮೆಂಟರಿ ಹೇಳುವವರ ಹಾಗೆ, ಇದೀಗ ಬಾಲಂಗೋಚಿ ಬೇಲಿ ದಾಟಿದ, ಇದೀಗ ಇಳಿದ, ಇದೀಗ ಚಕ್ರಕ್ಕೆ ಬುದ್ಧಿ ಹೇಳ್ತಿದಾನೆ ಅನ್ನುತ್ತಿದ್ದರಂತೆ. ಬೇಕರಿಯವನು ಇವನು ಉಸ್ಸಪ್ಪಾ ಅನ್ನುವುದನ್ನು ಅಣಕಿಸುತ್ತಿದ್ದನಂತೆ. ಒಂದು ಸಲ ತೀರಾ ತಡವಾದಾಗ ಮೂವರಿಗೂ ಜೀವ ಹಾರಿ, ಬೇಕರಿಯವನು ಹುಡುಕಲು ಅರ್ಧ ದಾರಿ ಇಳಿದು, ಇವನು ಬರುವುದು ಕಂಡು, ಗೊತ್ತಾಗದ ಹಾಗೆ ವಾಪಸ್ ಹತ್ತಿದ್ದನಂತೆ.

ತನ್ನ ಬಗ್ಗೆ ಅಷ್ಟು ಮಾತಾಡುವವರು ಇದ್ದಾರೆ ಅಂತ ಇವನಿಗೆ ಕನಸಲ್ಲೂ ಗೊತ್ತಿರಲಿಲ್ಲ.

“ಅದು ಬಿಟ್ರೆ ನಮ್ಮನಮ್ಮಲ್ಲಿ ಮಾತಾಡೋಕೆ ಏನಿದೆ ಹೇಳಿ? ಮೇಷ್ಟ್ರಿಗೆ ಮನೇಲಿ ಮಾತಿಲ್ಲ, ಬೇಕರಿಯವನಿಗೆ ಒಲೆ ಬಿಟ್ರೆ ಪ್ರಪಂಚ ಗೊತ್ತಿಲ್ಲ. ನಾನಂತೂ ವಾರ್ಡಲ್ಲಿ ನೋಡಿದ್ದನ್ನ ಯಾರಿಗೆ ಹೇಳಲಿ?” ನರ್ಸಮ್ಮ ಕೈಗವಸು ಎಳೆದುಕೊಂಡರು. “ಈಗ ನೀವೇ ನಮ್ಮ ಜೊತೆಗಿರ್ತೀರಲ್ಲ.”

ಅಷ್ಟರಲ್ಲಿ ಉಳಿದಿಬ್ಬರು ಬಂದರು. ಬೇಕರಿಯವನ ಮುಖದಲ್ಲಿ ಹಳೆಯ ಕಳೆಯಿರಲಿಲ್ಲ, ಮೇಷ್ಟ್ರು ಹೊರಡುವ ಮೊದಲೇ ಗಡಿಯಾರ ನೋಡಿಕೊಂಡರು. ಹೀಗೇ ಆದರೆ ಇನ್ನೊಂದಿಷ್ಟು ಭಾನುವಾರ, ಆಮೇಲೆ ಒಬ್ಬೊಬ್ಬರಾಗಿ ಬರುವುದು ಬಿಡುತ್ತಾರೆ ಅಂತ ಇವನಿಗೆ ಅನಿಸಿತು. ಹಾಗನಿಸಿದ್ದೇ ತಡ, ಬಗ್ಗಿ ಹಿಂದಿನ ಟೈರು ಅದುಮಿ ನೋಡಿದ.

“ಯಾಕೋ ಗಾಳಿ ಕಮ್ಮಿ ಇದೆ. ನೀವು ನಡೀರಿ, ನಾನು ಬಂದೆ.”

“ಆಯ್ತಲ್ಲಪ್ಪ, ಅಷ್ಟು ಅಳೆದು ತೂಗಿ ತಂದ ಟೈರು,” ಅಂತ ಬೇಕರಿಯವನು ಆಗಲೇ ಹಲ್ಲು ಕಿರಿದ. ಮೂವರೂ ಹತ್ತಿಕೊಂಡು ಹೋದರು.

ಟೈರಿನಲ್ಲಿ ಗಾಳಿ ಇರಬೇಕಾದಷ್ಟೂ ಇತ್ತು. ಇವನು ಸಾಕಷ್ಟು ಹೊತ್ತು ಬಿಟ್ಟು ಹೊರಟ. ಎಷ್ಟು ನಿಧಾನ ತುಳಿದರೂ ಸೈಕಲ್ ಮುಂದೆ ಮುಂದೆ ಓಡುತ್ತಿತ್ತು, ಬ್ರೇಕು ಹಿಡಿದುಕೊಂಡು ಏರು ಹತ್ತುವ ಪಾಡು. ಕೊನೆಯ ತಿರುವಿನಲ್ಲಿ, ಮೇಲಿನವರಿಗೆ ಕಾಣದ ಹಾಗೆ, ಪೊದೆಯ ಪಕ್ಕ ಇಳಿದು ನಿಂತ.

ಮೇಲಿನಿಂದ ಮೇಷ್ಟ್ರ ದನಿ ಕೇಳಿಸಿತು, ಏರಿಸಿ ಇಳಿಸಿ ಏನೋ ವರದಿ ಒಪ್ಪಿಸುತ್ತಿದ್ದರು. ಬೇಕರಿಯವನು ಉಸ್ಸಪ್ಪಾ ಅಂದ. ನರ್ಸಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಿರಬೇಕು, ಅವರಿಗೆ ಕೆಮ್ಮು ಬಂತು. ನಡುವೆ ಬಾಲಂಗೋಚಿ ಅಂತ ಒಂದು ಸಲ ಸ್ಪಷ್ಟವಾಗಿ ಕೇಳಿಸಿತು. ಇವನೂ ಸದ್ದಾಗದಂತೆ ಬಾಯಿ ಮುಚ್ಚಿಕೊಂಡು ನಕ್ಕ. ನಗುತ್ತಾ ನಗುತ್ತಾ ಕಣ್ಣು ಒದ್ದೆಯಾಯಿತು, ಒರೆಸಿಕೊಂಡ. ಹೋಗಿ ಅವರ ನಡುವೆ ಕೂರಬೇಕು ಅಂತ ಜೀವ ಎಳೆಯಿತು. ಉಳಿದಿದ್ದ ದಾರಿ ಹೆಚ್ಚೇನೂ ಇರಲಿಲ್ಲ. ಹೋದ ಕೂಡಲೇ ಆ ಮಾತು, ಆ ನಗು ನಿಲ್ಲುತ್ತದೆ ಅಂತಲೂ ಈಗ ಗೊತ್ತಿತ್ತು.

ಇನ್ನೊಂಚೂರು ಹೊತ್ತು ಅಲ್ಲೇ ನಿಂತ.