ಎರಡನೆಯ ಅಳತೆ

"ಭಯ್ಯಾ, ಕಾಲಿನ ಕಡೆ ಕೆಳಗೆ ಮಾಡಿ. ಇಲ್ಲಾಂದ್ರೆ ತಿರುಗೋದೇ ಇಲ್ಲ," ಎಂದರು ಪಕ್ಕದ ಮನೆಯ ನಾರಾಯಣಸ್ವಾಮಿ.

ದೆಹಲಿಯ ಮುನಿರ್ಕಾದ ಆ ಮೆಟ್ಟಿಲು ಬಾಡಿಗೆ ಹುಡುಗರಿಗೆಂದು ಕಟ್ಟಿದ್ದು. ಚಟ್ಟ ಇಳಿಯಬೇಕಾದೀತೆಂದು ಯಾರೂ ಯೋಚಿಸಿರಲಿಲ್ಲ. ಕೊನೆಗೆ ಇಂದುಶೇಖರರನ್ನು ಚಟ್ಟದ ಸಮೇತ ನೆಟ್ಟಗೆ ನಿಲ್ಲಿಸಿಯೇ ಇಳಿಸಬೇಕಾಯಿತು. ಬದುಕಿದ್ದಷ್ಟು ದಿನ ತಲೆ ತಗ್ಗಿಸಿ ನಡೆದ ಮನುಷ್ಯ, ಪಾಪ.

ಕೆಳಗೆ ಗಲ್ಲಿಯಲ್ಲಿ ಅವರ ಹೆಂಡತಿ ವೈಜಯಂತಿ ಗೋಡೆಗೆ ಅಂಟಿ ನಿಂತಿದ್ದರು. ಬೇರೆಯಾಗಿ ಎಂಟು ವರ್ಷ. ಬೆಳಿಗ್ಗೆ ಫೋನ್ ಬಂದಾಗ ಗ್ರೇಟರ್ ನೋಯ್ಡಾದಿಂದ ಬಂದದ್ದೇನೋ ಬಂದರು, ಅಳು ಮಾತ್ರ ಬರಲಿಲ್ಲ. ಈತನ ಬದುಕಿನಲ್ಲಿ ತಾನು ಇದ್ದೆನೇ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಇಲ್ಲದವಳು ಯಾವ ಹಕ್ಕಿನಿಂದ ಅಳುವುದು?

"ಮುಖ ನೋಡೋರು ನೋಡ್ಬಿಡಿ. ಆಮೇಲೆ ಮುಸುಕು ತೆಗೆಯೋದಿಲ್ಲ," ಎಂದರು ನಾರಾಯಣಸ್ವಾಮಿ.

ವೈಜಯಂತಿ ಒಮ್ಮೆ ನೋಡಿ ತಿರುಗಿಕೊಂಡರು. ಗಂಡನದು ಯಾವತ್ತಿನ ಹಾಗೆ ಏನನ್ನೂ ಹೇಳದ ಮುಖ.

*

ಇಂದುಶೇಖರರಿಗೆ ಕಾಲೇಜಿನಲ್ಲಿ ಪಾಠ, ರಜೆ ಬಂದರೆ ಬೆಟ್ಟದ ಮೇಲಿನ ದೂರದರ್ಶಕ. ಕ್ಷುದ್ರಗ್ರಹಗಳೆಂಬ ಅಲೆಮಾರಿ ಬಂಡೆಗಳನ್ನು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಅಳೆಯುವುದು ಅವರ ಹುಚ್ಚು.

"ಒಂದು ಫಿಲ್ಟರಲ್ಲಿ ನೋಡಿದ್ರೆ ಬರೀ ಬೆಳಕು, ವೈಜೂ. ತಕ್ಷಣ ಇನ್ನೊಂದರಲ್ಲೂ ನೋಡ್ಬೇಕು. ಎರಡರ ವ್ಯತ್ಯಾಸವೇ ಬಣ್ಣ. ಒಳಗೆ ಯಾವ ಖನಿಜ ಇದೆ ಅನ್ನೋದನ್ನ ಬಣ್ಣ ಹೇಳುತ್ತೆ."

ಎರಡು ಸಾವಿರದ ಇಸವಿಯಲ್ಲಿ ಒಂದು ಬಂಡೆಯಲ್ಲಿ ಅಪರೂಪದ ಖನಿಜ ಕಂಡಿತೆಂದು ಕುಣಿದಾಡಿದರು. ಎರಡು ಅಳತೆಗಳ ನಡುವೆ ಮೋಡ ಬಂದಿತ್ತಂತೆ.

ವೈಜಯಂತಿ ಅನ್ನ ಬಸಿಯುತ್ತ ಕೇಳಿದರು, "ಮೋಡ ಸರಿಯೋಷ್ಟರಲ್ಲಿ ಬಂಡೆ ತಿರುಗಿ ಬೇರೆ ಮಗ್ಗುಲು ಬಂದಿರಲ್ವಾ? ಇನ್ನೊಂದ್ಸಲ ಅಳೆದು ಕಳಿಸಿ."

ಇಂದುಶೇಖರರು ಕೇಳದೆ ಲೇಖನ ಕಳಿಸಿದರು. ತಪ್ಪೆಂದು ಬೇರೆಯವರು ತೋರಿಸಿದರು. ಅಂದಿನಿಂದ ಮನೆಯಲ್ಲಿ ಅವರ ಮಾತೇ ನಿಂತಿತು. ಆ ಮೌನವನ್ನು ವೈಜಯಂತಿ ಸಿಟ್ಟೆಂದುಕೊಂಡರು. ತಾವು ದೂರದಲ್ಲಿ ಕೆಲಸ ಹಿಡಿದು ಹೊರಟಾಗ ಇರು ಎಂದೂ ಗಂಡ ಅನ್ನಲಿಲ್ಲ.

*

"ಆಂಟಿ, ನೀವು... ವೈಜೂ ಮ್ಯಾಮ್ ಅಲ್ವಾ?"

ಇಂದುಶೇಖರರ ವಿದ್ಯಾರ್ಥಿನಿ ಅದಿತಿ, ದೆಹಲಿಯಲ್ಲೇ ಬೆಳೆದವಳು. ಅತ್ತು ಅತ್ತು ಮೂಗು ಕೆಂಪಾಗಿತ್ತು.

"ನಿನಗೆ ಆ ಹೆಸರು ಯಾರು ಹೇಳಿದ್ರು?"

"ಸರ್. ಎವ್ರಿ ಇಯರ್ ಫಸ್ಟ್ ಕ್ಲಾಸಲ್ಲಿ ಆ ಗಲತ್ ರೀಡಿಂಗ್, ತಪ್ಪು ಅಳತೆ ಸ್ಟೋರಿ ಹೇಳ್ತಿದ್ರು. 'ವೈಜೂ ಹೇಳಿದ್ಳು, ನಾನು ಕೇಳಲಿಲ್ಲ. ಆಮೇಲೆ ಅವಳಿಗೆ ಮುಖ ತೋರಿಸೋಕೇ ನಾಚಿಕೆ ಆಯ್ತು' ಅಂತ. ಲ್ಯಾಬಲ್ಲಿ ತಿರುಗಿ ಅಳೆಯೋದಕ್ಕೆ ನಾವೆಲ್ಲ ವೈಜೂ ಅಂತಾನೇ ಹೇಳೋದು. 'ವೈಜೂ ಹೋ ಗಯಾ ಕ್ಯಾ?', ವೈಜೂ ಆಯ್ತಾ ಅಂತ ಸರ್ ಕೇಳೋರು."

"ನನಗೊಂದು ಮಾತು ಹೇಳಲಿಲ್ಲವಲ್ಲ," ಎಂದರು ವೈಜಯಂತಿ.

ಅಷ್ಟರಲ್ಲಿ ಮುಖದ ಮುಸುಕಿನ ಮೇಲೂ ಹಗ್ಗ ಬಿಗಿದಾಗಿತ್ತು.

"ಇನ್ನೊಂದ್ಸಲ ಮುಸುಕು ತೆಗೀರಿ," ಎಂದರು ವೈಜಯಂತಿ.

"ಕಟ್ಟಿ ಆಯ್ತಲ್ಲಮ್ಮ. ಬಿಚ್ಚಬಾರದು," ಎಂದರು ನಾರಾಯಣಸ್ವಾಮಿ.

"ಗೊತ್ತು. ಬಿಚ್ಚಿ."

ಅವರು ಗೊಣಗುತ್ತಲೇ ಗಂಟು ಸಡಿಲಿಸಿದರು. ವೈಜಯಂತಿ ಮೊದಲ ಸಲ ನಿಂತು ನೋಡಿದ ಕಡೆ ನಿಲ್ಲದೆ, ಚಟ್ಟ ಬಳಸಿ ಆಚೆ ಬದಿಗೆ ಬಂದು ಕುಳಿತರು. ಈ ಕೆನ್ನೆಯಲ್ಲಿ, ಕಿವಿಯ ಕೆಳಗೆ, ಕ್ಷೌರದ ಬ್ಲೇಡಿಗೆ ಸಿಗದ ಒಂದಿಷ್ಟು ಬಿಳಿ ಗಡ್ಡ ಉಳಿದಿತ್ತು. ಮೊದಲೆಲ್ಲ ಹೀಗೆ ಉಳಿದದ್ದನ್ನು ಅವರಿಗೆ ತೋರಿಸಿಕೊಡುತ್ತಿದ್ದವರು ವೈಜಯಂತಿಯೇ. ಹೆಬ್ಬೆರಳಿನಿಂದ ಅಲ್ಲಿ ಮತ್ತೆ ಮತ್ತೆ ಸವರುತ್ತ, ಗಲ್ಲಿಯೆಲ್ಲ ಕೇಳುವ ಹಾಗೆ ಅತ್ತರು.