ಹಾಜರಿದ್ದ ದೇಶ

ನನ್ನ ಮಗಳು ಓದುತ್ತಿರುವುದು ಅರ್ಥಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳು, ಎರಡೂ ಸೇರಿದ ಒಂದೇ ಪದವಿ. ಕೇಳಲು ಚೆಂದ. ಹತ್ತಿರದಿಂದ ನೋಡಿದರೆ ಇಬ್ಬರು ಅತ್ತೆಯರಿರುವ ಮನೆ. ಊಟಕ್ಕೆ ಯಾರೂ ಕರೆಯುವುದಿಲ್ಲ, ತಪ್ಪು ಹುಡುಕಲು ಇಬ್ಬರೂ ಬರುತ್ತಾರೆ.

ಎರಡು ವಿಭಾಗಗಳೂ ಕೂಡಿ ಕಲಿಸುವ ಪತ್ರಿಕೆ ಈ ವರ್ಷ ಒಂದೇ. ಅದರ ಪರೀಕ್ಷೆಯಲ್ಲಿ ಬರೆಯುವುದಿಲ್ಲ, ಮಾತಾಡಬೇಕು. ಮಕ್ಕಳು ಚೀಟಿ ಎತ್ತಿ ಒಂದೊಂದು ದೇಶವಾಗುತ್ತಾರೆ. ಸಮುದ್ರದಲ್ಲಿ ಯಾರು ಎಷ್ಟು ಮೀನು ಹಿಡಿಯಬಹುದೆಂದು ಒಪ್ಪಂದ ಮಾಡಿಕೊಳ್ಳಬೇಕು. ಹಾಜರಿದ್ದ ದೇಶಗಳೆಲ್ಲ ಸಹಿ ಹಾಕಿದರೆ ಮಾತ್ರ ಒಪ್ಪಂದ, ಇಲ್ಲದಿದ್ದರೆ ಎಲ್ಲರಿಗೂ ಸೊನ್ನೆ. ಯಾರಿಗೆ ಎಷ್ಟು ಮೀನು ದಕ್ಕಿತೋ ಅವರಿಗೆ ಅಷ್ಟು ಅಂಕ.

ಮಗಳ ಕೈಗೆ ಬಂದದ್ದು ಪುಟ್ಟ ದ್ವೀಪ. ತನ್ನ ಮೀನನ್ನೆಲ್ಲ ಉಳಿಸಿಕೊಂಡರೂ ಅವಳು ಪಾಸಾಗುವಂತಿಲ್ಲ. ಅದಕ್ಕೇ ಸಹಿ ಹಾಕುವ ಸಣ್ಣ ದೇಶಗಳಿಗೆ ಒಂದಿಷ್ಟು ಕೃಪಾಂಕ ಇಟ್ಟಿದ್ದರು. ಮೂಗಿಗೆ ತುಪ್ಪ.

ಇದು ಸರಿಯೇ ಎಂದು ಕೇಳಲು ಹೋದಳು. ಅರ್ಥಶಾಸ್ತ್ರದ ಮೇಷ್ಟ್ರು, "ಅಂಕದ ಲೆಕ್ಕ ನಂದು, ದೇಶ ಹಂಚಿದ್ದು ಅವರು. ಅವರನ್ನ ಕೇಳು" ಎಂದರು. ಸಂಬಂಧಗಳ ಮೇಡಂ, "ದೇಶ ಹಂಚಿದ್ದು ನಾನು, ಲೆಕ್ಕ ಅವರದು. ಅಷ್ಟಕ್ಕೂ ಪ್ರಪಂಚ ಇರೋದೇ ಹಾಗೆ, ಕಲ್ತ್ಕೋ" ಎಂದರು.

ಪ್ರಪಂಚ ಹಾಗಿದೆಯೆಂದು ನನಗೂ ಗೊತ್ತು. ಅದನ್ನು ಹಾಗೇ ಇಡುವುದನ್ನು ತರಗತಿಯಲ್ಲಿ ಕಲಿಸುತ್ತಾರೆಂದು ಗೊತ್ತಿರಲಿಲ್ಲ.

ಪರೀಕ್ಷೆಯ ಹಿಂದಿನ ಸಂಜೆ ಅವಳ ಗೆಳತಿ ಗಿಣಿ ಬಂದಳು. ಬಾಯಿ ಮುಚ್ಚದ ಹುಡುಗಿ, ಹೆಸರಿಟ್ಟದ್ದು ನಾನೇ. ಅವಳದು ಎಲ್ಲಕ್ಕಿಂತ ದೊಡ್ಡ ದೇಶ, ಹಡಗುಗಳೆಲ್ಲ ಅವಳವೇ.

"ಆಂಟಿ, ನೀವಾದ್ರೂ ಹೇಳಿ. ಸಹಿ ಹಾಕಲ್ಲ ಅಂತ ಕೂತಿದಾಳೆ."

"ಮೊದ್ಲು ನಾರು ತೆಗಿ, ಆಮೇಲೆ ಮಾತಾಡು" ಎಂದು ಬೀನ್ಸ್ ತಟ್ಟೆಯನ್ನು ಅವಳತ್ತ ಸರಿಸಿದೆ.

"ಇವಳು ಹಾಕ್ದೆ ಇದ್ರೆ ಕ್ಲಾಸಿಗೆ ಕ್ಲಾಸೇ ಮುಳುಗುತ್ತೆ."

ಮಗಳು ಒಲೆಯ ಮೇಲಿನ ಹಾಲಿನಿಂದ ಕಣ್ಣು ತೆಗೆಯಲಿಲ್ಲ. "ನಿನ್ನ ಹಡಗು ನನ್ನ ಸಮುದ್ರಕ್ಕೆ ಬರುತ್ತೆ. ನಂಗೇನು ಕೊಡ್ತೀಯ?"

"ಬರೆದಿದೆಯಲ್ಲೇ. ನಿಮ್ಮ ಜೊತೆ ಸಮಾಲೋಚನೆ ಮಾಡ್ತೀವಿ."

"ಸಮಾಲೋಚನೆನ ಹುರ್ಕೊಂಡು ತಿನ್ನಲಾ?"

"ಅದೇನು ನಿಜವಾದ ದ್ವೀಪನಾ? ಒಂದು ಚೀಟಿ ಕಣೆ."

"ಚೀಟಿ ಮೇಲೇ ಬಿಟ್ಟುಕೊಡೋಕೆ ಆಗದವಳು ನಾಳೆ ಕುರ್ಚಿ ಸಿಕ್ಕಿದ್ರೆ ಕೊಡ್ತೀಯಾ?"

ಗಿಣಿ ಇನ್ನೊಂದು ಬೀನ್ಸ್ ಮುರಿದಳು. 'ಹೋಗ್ಲಿ ಬಿಡೇ, ಹಾಕ್ಬಿಡು' ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. "ಏನ್ ಮಾಡಿದ್ರೂ ಊಟಕ್ಕೆ ಇಲ್ಲಿಗೇ ಬಾ" ಎಂದಷ್ಟೇ ಮಗಳಿಗೆ ಹೇಳಿದೆ.

ಮರುದಿನ ಅವಳು ಬಂದು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಕೂತಳು. ಸಹಿ ಹಾಕಿರಲಿಲ್ಲ. ಎಲ್ಲರೂ ಬೇಡಿದರು, ಬೈದರು, ಇವಳು ಕದಲಲಿಲ್ಲ. ಹೊತ್ತು ಮುಗಿಯುತ್ತ ಬಂದಾಗ, ಎಂದೂ ಒಟ್ಟಿಗೆ ನಿಲ್ಲದ ಮೇಷ್ಟ್ರು, ಮೇಡಂ ಇಬ್ಬರೂ ಒಟ್ಟಿಗೆ ಹೊರಗೆ ಹೋಗಿ, ಹೊಸ ನಿಯಮ ಹೊತ್ತು ಬಂದರು. ಒಪ್ಪದ ದೇಶವನ್ನು ಗೈರುಹಾಜರಿ ಎಂದು ಹಿಡಿಯುವುದಂತೆ. ಉಳಿದವರ ಸಹಿ ಇತ್ತು, ಒಪ್ಪಂದವಾಯಿತು, ಚಪ್ಪಾಳೆಯೂ ಆಯಿತು. ಹಾಜರಿ ಪಟ್ಟಿಯಲ್ಲಿ ನನ್ನ ಮಗಳ ಮುಂದೆ 'ಗೈರು' ಎಂದು ಬರೆದರು. ಗೈರಾದವರು ಮುಂದಿನ ವರ್ಷ ಇಡೀ ಪತ್ರಿಕೆಯನ್ನು ಮತ್ತೆ ಓದಬೇಕು.

"ನೀರು ಕುಡಿಯೋಕೂ ಏಳ್ಲಿಲ್ಲಮ್ಮ ನಾನು" ಎಂದಳು.

ತಾಳ್ಮೆಯವಳೆಂದು ನನಗೆ ಬಂಧುಗಳಲ್ಲಿ ಹೆಸರಿದೆ. ಆ ಹೊತ್ತಿಗೆ ಅದು ನನಗೆ ಬೇಡವಾಯಿತು. ಅಂಕ ಕೊಡದಿದ್ದರೆ ಬೇಡ, ಫೇಲ್ ಮಾಡಲಿ. ಆದರೆ ನಾನು ಇಸ್ತ್ರಿ ಮಾಡಿಕೊಟ್ಟ ಬಟ್ಟೆ ತೊಟ್ಟು, ಅವರ ಕಣ್ಣೆದುರೇ ಕೂತಿದ್ದ ಹುಡುಗಿಯನ್ನು ಇರಲೇ ಇಲ್ಲ ಎನ್ನಲು ಇವರಿಗೆ ಬಾಯಾದರೂ ಹೇಗೆ ಬಂತು?

ಬೆಳಿಗ್ಗೆ ನೆನೆಸಿದ ಬಟ್ಟೆಯನ್ನು ಬಕೆಟ್ಟಿನಲ್ಲೇ ಬಿಟ್ಟು, ಮಗಳನ್ನು ಕರೆದುಕೊಂಡು ಆಗಲೇ ಕಾಲೇಜಿಗೆ ಹೊರಟೆ. ಗೇಟಿನ ಹತ್ತಿರ ಗಿಣಿ ನಿಂತಿದ್ದಳು.

"ನೀನ್ಯಾಕೆ? ಪೂರ್ತಿ ಅಂಕ ಬಂತಲ್ಲ" ಎಂದಳು ಮಗಳು.

"ನಾನೂ ಬರ್ತೀನಿ ಆಂಟಿ. ಇವಳು ಇರ್ಲಿಲ್ಲ ಅಂದ್ರೆ ಅಷ್ಟು ಹೊತ್ತು ನಾನು ಬೈಸ್ಕೊಂಡಿದ್ದು ಯಾರ ಹತ್ರ?"

ಮೇಷ್ಟ್ರು, ಮೇಡಂ ಇಬ್ಬರನ್ನೂ ಒಂದೇ ಕೋಣೆಗೆ ಕರೆಸುವವರೆಗೆ ನಾನು ಆಫೀಸಿನ ಬೆಂಚು ಬಿಟ್ಟು ಏಳಲಿಲ್ಲ. ಮೇಷ್ಟ್ರು ನಿಯಮ ಮೇಡಂ ಅವರದೆಂದರು, ಮೇಡಂ ಪಟ್ಟಿ ಮೇಷ್ಟ್ರದೆಂದರು.

"ಯಾರದಾದ್ರೂ ಇರ್ಲಿ. ನನ್ನ ಮಗಳು ಅಲ್ಲಿ ಇದ್ದಳೋ ಇಲ್ವೋ?" ಎಂದು ಕೇಳಿದೆ.

"ಇದ್ದಳು. ನನ್ನ ಎದುರಿಗೇ ಇದ್ದಳು" ಎಂದಳು ಗಿಣಿ.

ಮೇಷ್ಟ್ರು ಪಟ್ಟಿ ತೆಗೆದು 'ಗೈರು' ಹೊಡೆದುಹಾಕಿ 'ಹಾಜರು' ಎಂದು ಬರೆದರು. "ಅಂಕ ಮಾತ್ರ ಸೊನ್ನೆನೇ. ಸಮಾಧಾನ ಆಯ್ತಾ?"

"ಸೊನ್ನೆನೇ ಇರ್ಲಿ ಸರ್" ಎಂದಳು ಮಗಳು. "ಆದ್ರೆ ನಾನು ಹಾಜರಿದ್ದೆ, ಸಹಿ ಹಾಕಿಲ್ಲ. ಅಂದ್ಮೇಲೆ ಒಪ್ಪಂದ ಆಗಿಲ್ಲ."

ಮೇಷ್ಟ್ರು ಮೇಡಂ ಮುಖ ನೋಡಿದರು. ನಾನು ನೋಡಿದ್ದು ಗಿಣಿಯನ್ನು. ಒಪ್ಪಂದ ಬಿದ್ದರೆ ಅವಳ ಅಂಕವೂ ಬಿದ್ದ ಹಾಗೆ. ಅವಳು ಒಂದು ಹೆಜ್ಜೆ ಮುಂದೆ ಬಂದು ನನ್ನ ಮಗಳ ಪಕ್ಕ ನಿಂತಳು.

"ಹೌದು ಸರ್" ಎಂದಳು. "ಆಗಿಲ್ಲ."